ಕಾರಿನ ಧೂಳಿಗಾಗಿ ಕಾದ ಕುದ್ಮುಲ್ ರಂಗರಾಯರು

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಒಂದು ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿತ್ತು. ಕೋಟಾದಲ್ಲಿ ಸೀಟು ತಗೊಂಡವನ ಅಪ್ಪನ ಹತ್ರ ಕಾರಿದೆಯಂತೆ, ಇನ್ನೂ ಯಾಕೆ ಮೀಸಲಾತಿ ಅಂತ. ಆಗ ನಾನೂ ಸುಮ್ಮನೆ ಕೇಳಿಸಿಕೊಂಡವನೇ. ಒಮ್ಮೊಮ್ಮೆ ತಲೆಯಾಡಿಸಿದ್ದೂ ಉಂಟು. ನಮ್ಮ ಸಂಕಟ ಇದ್ದದ್ದು ಆ ಕಾರನ್ನು ನೋಡಿ ಅನ್ನೋದು ಅರ್ಥವಾಗಿದ್ದು ಎಷ್ಟೋ ವರ್ಷದ ನಂತರ, ಕುದ್ಮುಲ್ ರಂಗರಾಯರ ಬದುಕನ್ನು ಓದಿದಾಗ. ಯಾಕಂದ್ರೆ ಆ ಮನುಷ್ಯ ಜೀವನವಿಡೀ ಕಾದಿದ್ದೇ ಅಂಥ ಒಂದು ಕಾರಿಗಾಗಿ.

ಮಂಗಳೂರಿನವರಿಗೆ ಈ ಹೆಸರು ಪರಿಚಯ ಇರೋದು ಪುರಭವನದ ಮೂಲಕ. ಹೊರಗಿನವರಿಗೆ ಅಷ್ಟೂ ಇಲ್ಲ. 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾದರು, ಆಮೇಲೆ ಕಾನೂನು ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬ್ರಹ್ಮಸಮಾಜದ ನಂಟು ಬೆಳೆಯಿತು. ಅಲ್ಲಿಗೇ ನಿಂತಿದ್ದರೆ ಊರಿನ ಒಬ್ಬ ಗೌರವಸ್ಥ ವಕೀಲರಾಗಿ ಬದುಕು ಮುಗಿಸಬಹುದಿತ್ತು.

1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಆ ಕಾಲ ಎಂಥದ್ದು ಅಂತ ಒಮ್ಮೆ ಯೋಚಿಸಿ. ಅಂಬೇಡ್ಕರ್ ಆಗಿನ್ನೂ ಒಂದು ವರ್ಷದ ಕೂಸು. ಜ್ಯೋತಿಬಾ ಫುಲೆ ತೀರಿಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ದಲಿತರ ಮಕ್ಕಳು ಅಕ್ಷರ ಕಲಿತರೆ ಕೆಲಸಕ್ಕೆ ಆಳು ಸಿಗೋದಿಲ್ಲ ಅಂತ ಲೆಕ್ಕ ಹಾಕುವ ಊರು ಅದು. ಶಾಲೆ ಒಂದು ಕಡೆ ನಿಲ್ಲಲಿಲ್ಲ. ವಿರೋಧ ಬಂದಾಗೆಲ್ಲ ಜಾಗ ಬದಲಾಯಿತು, ಕೊನೆಗೆ ಶೇಡಿಗುಡ್ಡೆಯಲ್ಲಿ ನೆಲೆಯಾಯಿತು. ಕಲಿಸೋಕೆ ಮೇಲ್ಜಾತಿಯ ಮೇಷ್ಟ್ರುಗಳು ಮುಂದೆ ಬರಲಿಲ್ಲ, ಕ್ರೈಸ್ತ ಶಿಕ್ಷಕರು ಬಂದರು.

ಇನ್ನೊಂದು ಕಷ್ಟ ಹಸಿವಿನದು. ಮಗು ಶಾಲೆಗೆ ಬಂದರೆ ಮನೆಗೆ ಒಂದು ಕೂಲಿ ಕಮ್ಮಿ. ರಂಗರಾಯರು ಇದನ್ನು ಉಪದೇಶ ಮಾಡಿ ಪರಿಹರಿಸೋಕೆ ಹೋಗಲಿಲ್ಲ. ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು, ಮನೆಯವರ ಕೈಗೆ ಒಂದಿಷ್ಟು ಕಾಸೂ ಕೊಟ್ಟರು. ಬಿಸಿಯೂಟ ಅನ್ನೋದು ನಮ್ಮ ಸರ್ಕಾರಗಳ ಕಾರ್ಯಕ್ರಮ ಆಗೋಕೆ ಇನ್ನೂ ಹಲವು ದಶಕ ಬೇಕಿತ್ತು.

1897ರಲ್ಲಿ ಈ ಕೆಲಸಕ್ಕೆಲ್ಲ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅನ್ನೋ ಸಂಸ್ಥೆಯ ರೂಪ ಕೊಟ್ಟರು. ವಿಠ್ಠಲ ರಾಮ್‌ಜಿ ಶಿಂಧೆ ಮುಂಬೈಯಲ್ಲಿ ಇಂಥದ್ದೇ ಮಿಷನ್ ಕಟ್ಟಿದ್ದು 1906ರಲ್ಲಿ. ಮಂಗಳೂರಿನ ಮಿಷನ್ ಶಾಲೆಗಷ್ಟೇ ಸೀಮಿತವಾಗಲಿಲ್ಲ. ನೇಯ್ಗೆಯಂಥ ಕಸುಬಿನ ತರಬೇತಿ ಇತ್ತು. ಮನೆ ಕಟ್ಟಿಕೊಳ್ಳೋಕೆ ಜಾಗ ಕೊಡಿಸುವ ಪ್ರಯತ್ನ ಇತ್ತು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತ ಪ್ರತಿನಿಧಿಗಳು ಕೂರಬೇಕು ಅನ್ನೋ ಒತ್ತಾಯವೂ ಇತ್ತು. ಅಕ್ಷರ, ಕಸುಬು, ನೆಲ, ಅಧಿಕಾರ. ಇದನ್ನು ಬರೀ ದಾನಧರ್ಮ ಅಂತ ಕರೆಯೋಕಾಗಲ್ಲ.

ಇದಕ್ಕೆ ಅವರಿಗೆ ಸಿಕ್ಕಿದ್ದೇನು? ಜಾತಿಯಿಂದ ಬಹಿಷ್ಕಾರ. ಆ ಕಾಲದಲ್ಲಿ ಬಹಿಷ್ಕಾರ ಅಂದರೆ ಮದುವೆ ಮುಂಜಿಗೆ ಕರೆಯಿಲ್ಲ, ಒಟ್ಟಿಗೆ ಊಟವಿಲ್ಲ, ಮಕ್ಕಳಿಗೆ ಸಂಬಂಧ ಕೂಡಿಬರಲ್ಲ, ಸತ್ತರೆ ಹೆಗಲು ಕೊಡುವವರಿಲ್ಲ. ಬ್ರಿಟಿಷ್ ಸರ್ಕಾರ ಬಿರುದನ್ನೇನೋ ಕೊಟ್ಟಿತು. ಆದರೆ ಮನುಷ್ಯ ದಿನಾ ಬದುಕೋದು ಬೀದಿಯ ಜನರ ನಡುವೆ.

ರಂಗರಾಯರು ತಮ್ಮ ನಿಲುವನ್ನು ಮನೆಯ ಹೊಸಿಲಾಚೆಗೆ ಮಾತ್ರ ಇಟ್ಟುಕೊಳ್ಳಲಿಲ್ಲ ಅನ್ನೋದನ್ನೂ ಹೇಳಬೇಕು. ಮಗಳು ರಾಧಾಬಾಯಿಯನ್ನು ಓದಿಸಿದರು. 1912ರಲ್ಲಿ ಆಕೆಯ ಮದುವೆ ನಡೆದದ್ದು ಜಾತಿಯ ಹೊರಗೆ, ತಮಿಳುನಾಡಿನ ಕುಮಾರಮಂಗಲಂ ಜಮೀನ್ದಾರ ಮನೆತನದ ಪಿ. ಸುಬ್ಬರಾಯನ್ ಜೊತೆ. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ ದುಂಡುಮೇಜಿನ ಪರಿಷತ್ತಿಗೆ ಹೋದರು, 1938ರಲ್ಲಿ ಆಗಿನ ಕೇಂದ್ರ ಶಾಸನಸಭೆಯ ಮೇಲ್ಮನೆ ಪ್ರವೇಶಿಸಿದ ಮೊದಲ ಮಹಿಳೆಯಾದರು. ಕಮ್ಯುನಿಸ್ಟ್ ಸಂಸದೆ ಪಾರ್ವತಿ ಕೃಷ್ಣನ್, ಕೇಂದ್ರ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ, ಸೇನಾ ಮುಖ್ಯಸ್ಥ ಜನರಲ್ ಪಿ.ಪಿ. ಕುಮಾರಮಂಗಲಂ ಇವರೆಲ್ಲ ರಂಗರಾಯರ ಮೊಮ್ಮಕ್ಕಳು.

ಈಗ ಕಾರಿನ ವಿಷಯ. ತನ್ನ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಮುಂದೆ ಸರ್ಕಾರಿ ಹುದ್ದೆಗೇರಿ ಈ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ. ಇದು ಅವರ ಆಸೆಯಾಗಿತ್ತು. ಅವರ ಸಮಾಧಿಯ ಮೇಲೂ ಇದೇ ಆಶಯ ಇದೆ.

ಈ ಆಸೆಯೊಳಗಿನ ಜಾಗಗಳನ್ನು ಗಮನಿಸಿ. ಆ ಮಗು ಕಾರಿನಲ್ಲಿದೆ, ರಂಗರಾಯರು ರಸ್ತೆ ಬದಿಯಲ್ಲಿದ್ದಾರೆ. ಮಗು ಇಳಿದು ಕೈಮುಗಿಯಲಿ ಅಂತ ಅವರು ಕೇಳಲಿಲ್ಲ. ತನ್ನನ್ನು ಗುರುತು ಹಿಡಿಯಲಿ ಅಂತಲೂ ಕೇಳಲಿಲ್ಲ. ಸಮಾಜಕ್ಕೆ ಕೊಟ್ಟಿದ್ದು ಜಾಸ್ತಿ, ಪಡೆದದ್ದು ಕಮ್ಮಿ ಅಂತ ನಾವು ಇಂಥವರ ಬಗ್ಗೆ ಭಾಷಣ ಮಾಡ್ತೀವಿ. ಅವರ ಲೆಕ್ಕ ಬೇರೆಯೇ ಇದ್ದಂತಿದೆ. ಸಾವಿರಾರು ವರ್ಷ ಊರಿನ ಹೊಲಸು ಹೊತ್ತು, ಗದ್ದೆ ಉತ್ತು, ಬದಲಿಗೆ ಏನೂ ಪಡೆಯದೇ ಹೋದವರು ಯಾರು? ಆ ಲೆಕ್ಕದಲ್ಲಿ ರಂಗರಾಯರು ಕೊಟ್ಟವರಲ್ಲ, ಸಾಲ ತೀರಿಸೋಕೆ ಹೊರಟವರು.

1927ರಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಅನ್ನೋ ಹೆಸರಿಟ್ಟುಕೊಂಡರು. 1928ರ ಜನವರಿ 30ರಂದು ತೀರಿಕೊಂಡರು. ಊರಿನ ಹೊಲಸು ತೆಗೆಯುವ ಕೆಲಸಕ್ಕೆ ದೂಡಲ್ಪಟ್ಟಿದ್ದ ಸಮುದಾಯದವರೇ ತನ್ನ ಅಂತ್ಯಸಂಸ್ಕಾರ ಮಾಡಬೇಕು ಅನ್ನೋದು ಅವರ ಕಡೆಯ ಇಚ್ಛೆ. ಹಾಗೇ ಆಯಿತು. ಗಾಂಧಿ ಶೇಡಿಗುಡ್ಡೆಯ ಶಾಲೆಗೆ ಬಂದದ್ದು 1934ರಲ್ಲಿ, ಅಷ್ಟರಲ್ಲಿ ಇವರು ಹೋಗಿ ಆರು ವರ್ಷವಾಗಿತ್ತು.

ರಂಗರಾಯರನ್ನು ಉದ್ಧಾರಕ ಅಂತ ಕೂರಿಸಿ ಪೂಜೆ ಮಾಡೋ ಅಗತ್ಯವಿಲ್ಲ. ಹೊಡೆತ, ಬೈಗುಳ, ಹಸಿವು ಎಲ್ಲದರ ನಡುವೆ ಆ ಶಾಲೆಗೆ ನಡೆದುಹೋದ ಮಕ್ಕಳು, ಕಳಿಸಿದ ತಾಯಂದಿರು ತೆಗೆದುಕೊಂಡ ರಿಸ್ಕ್ ಅವರದಕ್ಕಿಂತ ಕಮ್ಮಿಯದಲ್ಲ. ಅವರ ಹೆಸರು ಯಾವ ಪುರಭವನಕ್ಕೂ ಇಲ್ಲ. ಆದರೆ ಜಾತಿಯ ಲಾಭ ಪಡೆದು ಬೆಳೆದ ನಮ್ಮಂಥವರು ಕಲಿಯಬೇಕಾದ್ದು ರಂಗರಾಯರಿಂದಲೇ. ಸಹಾಯ ಮಾಡೋದು ಸುಲಭ, ಬಡವ ಬಡವನಾಗಿ ಇರುವವರೆಗೆ ನಮ್ಮ ಕರುಣೆಗೆ ಕೊರತೆಯಿಲ್ಲ. ಅವನು ನಮ್ಮನ್ನು ದಾಟಿ ಮುಂದೆ ಹೋದ ದಿನವೇ ನಮ್ಮ ಪರೀಕ್ಷೆ. ಆ ಹಾಸ್ಟೆಲ್‌ನಲ್ಲಿ ನಾವೆಲ್ಲ ಫೇಲಾಗಿದ್ದು ಅದರಲ್ಲೇ.