ಆಟದ ಬಯಲಿನ ಅಧ್ಯಾಪಕ ಸ್ಟಾಗ್

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ಆಡುವ ಫುಟ್‌ಬಾಲ್ ಅಲ್ಲ. ಅಲ್ಲಿಯ ಚೆಂಡು ಮೊಟ್ಟೆಯಂತೆ ಉದ್ದುರುಟಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೆರೆಯಾಚೆಗೆ ಒಯ್ಯಬೇಕು. ಒಯ್ಯುವವನನ್ನು ಎದುರಾಳಿಗಳು ಹಿಡಿದು ನೆಲಕ್ಕೆ ಕೆಡಹಬಹುದು. ಈ ಆಟ ಬೆಳೆದದ್ದು ಆ ದೇಶದ ಕಾಲೇಜುಗಳಲ್ಲಿ. ಅದನ್ನು ಬೆಳೆಸಿದವರಲ್ಲಿ ಪ್ರಮುಖನಾದ ಅಮೋಸ್ ಅಲೋಂಜೊ ಸ್ಟಾಗ್ ನೂರೆರಡು ವರ್ಷ ಬಾಳಿದನು. ಆಟ ಕಲಿಸುವವನು ಕಾಲೇಜಿನಲ್ಲಿ ಅಧ್ಯಾಪಕನೋ ಅಥವಾ ಗೆದ್ದು ಕೊಡುವುದಕ್ಕೆಂದು ಗೊತ್ತುಮಾಡಿಕೊಂಡ ಆಳೋ ಎಂಬ ಪ್ರಶ್ನೆ ಅವನನ್ನು ಬಹುಕಾಲ ಹಿಂಬಾಲಿಸಿತು.

ಸ್ಟಾಗ್ ಹುಟ್ಟಿದ್ದು 1862ರ ಆಗಸ್ಟ್ 16ರಂದು, ನ್ಯೂಜರ್ಸಿ ಸಂಸ್ಥಾನದ ವೆಸ್ಟ್ ಆರೆಂಜ್ ಎಂಬ ಊರಿನಲ್ಲಿ. ತಂದೆ ಪಾದರಕ್ಷೆ ಹೊಲಿಯುವವನು. ಮನೆಯಲ್ಲಿ ಎಂಟು ಮಂದಿ ಮಕ್ಕಳು, ಗಳಿಕೆ ಅಲ್ಪ. ಹುಡುಗನಿಗೆ ಓದಬೇಕೆಂಬ ಹಟವಿತ್ತು. ಹೈಸ್ಕೂಲು ಮುಗಿಸಿ, ಕಾಲೇಜಿಗೆ ಅಣಿಗೊಳಿಸುವ ಎಕ್ಸಿಟರಿನ ಶಾಲೆಗೆ ಹೋದಾಗ ಬೆಂಕಿಯ ಕಾವಿಲ್ಲದ ಅಟ್ಟದ ಕೋಣೆಯೊಂದರಲ್ಲಿ ಇದ್ದುಕೊಂಡು, ಒಣ ಬಿಸ್ಕತ್ತುಗಳನ್ನು ತಿಂದು ದಿನ ನೂಕಿದನು. ಹಿಮ ಬೀಳುವ ಸೀಮೆಯಲ್ಲಿ ಹಾಗೆ ಬದುಕುವುದೆಂದರೆ ಏನೆಂಬುದನ್ನು, ಹಾಸ್ಟೆಲಿನ ಸಾರಿಗೆ ಮುಖ ಸಿಂಡರಿಸುವ ನಾವು ಊಹಿಸಿಕೊಳ್ಳುವುದು ಕಷ್ಟ.

ಅಲ್ಲಿಂದ ಅವನು ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಿ, ಪದವಿ ಪಡೆದ ಮೇಲೆ ಪಾದ್ರಿಯಾಗುವ ಆಸೆಯಿಂದ ಅಲ್ಲಿಯೇ ಧರ್ಮಶಾಸ್ತ್ರದ ವ್ಯಾಸಂಗಕ್ಕೆ ನಿಂತನು. ಅಷ್ಟರಲ್ಲಿ ಅವನ ಹೆಸರು ಬೇರೆ ಕಾರಣಕ್ಕಾಗಿ ಹಬ್ಬಿತ್ತು. ಬೇಸ್‌ಬಾಲ್ ಆಟದಲ್ಲಿ ಅವನು ಎಸೆದ ಚೆಂಡನ್ನು ಹೊಡೆಯಬಲ್ಲವರು ಕಡಮೆ. 1888ರಲ್ಲಿ ಯೇಲಿನ ಫುಟ್‌ಬಾಲ್ ತಂಡ ಹದಿಮೂರು ಪಂದ್ಯಗಳನ್ನಾಡಿ 698 ಅಂಕಗಳನ್ನು ಗಳಿಸಿತು. ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಆ ತಂಡದಲ್ಲಿ ಸ್ಟಾಗನೂ ಇದ್ದನು. ಬೇಸ್‌ಬಾಲ್ ಆಡಿ ಜೀವಿಸಲು ಬಾ ಎಂದು ಸಾವಿರಾರು ಡಾಲರುಗಳ ಆಹ್ವಾನ ಬಂದಿತು. ಒಣ ಬಿಸ್ಕತ್ತು ತಿಂದಿದ್ದ ಹುಡುಗ ಅದನ್ನು ಬೇಡವೆಂದನು. ಆಟವನ್ನು ಮಾರಿಕೊಳ್ಳಬಾರದೆಂಬುದು ಅವನ ನಂಬಿಕೆ.

ಆದರೆ ಪಾದ್ರಿಯೂ ಆಗಲಿಲ್ಲ. ಜನರ ಮುಂದೆ ನಿಂತು ನಿರರ್ಗಳವಾಗಿ ಮಾತನಾಡುವುದು ತನ್ನಿಂದಾಗದೆಂದು ಅವನಿಗೇ ತಿಳಿಯಿತು. ವೇದಿಕೆಯಿಂದ ಹೇಳಲಾಗದ್ದನ್ನು ಬಯಲಿನಲ್ಲಿ ಮಾಡಿ ತೋರಿಸುವೆನೆಂದು ನಿಶ್ಚಯಿಸಿ, 1890ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಕ್ರೈಸ್ತ ಯುವಕ ಸಂಘದ ಶಿಕ್ಷಣಶಾಲೆಗೆ ಹೋದನು. ಅಲ್ಲಿ ಅವನ ಜೊತೆಗಾರನಾಗಿದ್ದವನು ಜೇಮ್ಸ್ ನೈಸ್ಮಿತ್. 1891ರ ಡಿಸೆಂಬರಿನಲ್ಲಿ ಬ್ಯಾಸ್ಕೆಟ್‌ಬಾಲನ್ನು ಕಂಡುಹಿಡಿದವನು ಈತನೇ. ಮುಂದಿನ ಮಾರ್ಚಿಯಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಆ ಆಟದ ಮೊದಲ ಬಹಿರಂಗ ಪಂದ್ಯ ನಡೆಯಿತು. ವಿದ್ಯಾರ್ಥಿಗಳು 5–1ರಿಂದ ಗೆದ್ದರು. ಅಧ್ಯಾಪಕರ ಆ ಒಂದೇ ಬುಟ್ಟಿ ಸ್ಟಾಗನದು. (ಅಧ್ಯಾಪಕರನ್ನು ಸೋಲಿಸುವ ಪರಂಪರೆ ಅಷ್ಟು ಹಳೆಯದೆಂದು ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದವರು ತಿಳಿದರೆ ಸಂತೋಷಪಟ್ಟಾರು.)

1892ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯ ತೆರೆಯಿತು. ಅದರ ಅಧ್ಯಕ್ಷನಾದ ವಿಲಿಯಂ ರೇನಿ ಹಾರ್ಪರ್ ಯೇಲಿನಲ್ಲಿ ಸ್ಟಾಗನಿಗೆ ಪಾಠ ಹೇಳಿದ ವಿದ್ವಾಂಸ. ಅವನು ಶಿಷ್ಯನನ್ನು ಕರೆಸಿ ವ್ಯಾಯಾಮ ವಿಭಾಗವನ್ನು ಒಪ್ಪಿಸಿದನು. ಅಷ್ಟೇ ಅಲ್ಲ, ಗ್ರೀಕ್ ಕಲಿಸುವವರಿಗೂ ರಸಾಯನಶಾಸ್ತ್ರ ಕಲಿಸುವವರಿಗೂ ಸಮನಾಗಿ ಸಹ ಪ್ರಾಧ್ಯಾಪಕನ ಖಾಯಂ ಪದವಿಯನ್ನು ಕೊಟ್ಟನು. ಅದುವರೆಗೆ ಆಟ ಕಲಿಸುವವನು ಋತು ಬಂದಾಗ ಬಂದು, ಮುಗಿದಾಗ ಹೋಗುವವನು. ಸ್ಟಾಗನ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುವುದು ಈ ನೇಮಕವೇ. ಆಡಹೋದ ಹುಡುಗ ಓದನ್ನು ಕೆಡಿಸಿಕೊಂಡನೆಂದೇ ತಿಳಿಯುವ ಮನೆಗಳಿಂದ ನಮ್ಮಲ್ಲಿ ಬಹಳ ಮಂದಿ ಬಂದಿದ್ದೇವೆ. ನನ್ನ ಮನೆಯೂ ಅಂಥದೇ.

ಮೊದಲ ವರ್ಷ ಆಟಗಾರರು ಸಾಲದೆ ಬಂದು ಗುರುವೇ ತಂಡದಲ್ಲಿ ನಿಂತು ಆಡಿದನು. ಎದುರಾಳಿಯನ್ನು ಹಿಡಿದು ಕೆಡಹುವುದನ್ನು ಅಭ್ಯಾಸಮಾಡಿಸಲು ಹಾಸಿಗೆಯನ್ನು ಸುರುಳಿ ಸುತ್ತಿ ತೂಗುಹಾಕುವ ಉಪಾಯವನ್ನು ಅವನು ಯೇಲಿನಲ್ಲಿಯೇ ಹೂಡಿದ್ದನು. ಹೊಸ ಹೊಸ ವ್ಯೂಹಗಳು ಅವನ ತಲೆಯಲ್ಲಿ ಹುಟ್ಟುತ್ತಲೇ ಇದ್ದುವು. 1894ರಲ್ಲಿ ಅವನ ಕೈಹಿಡಿದ ಸ್ಟೆಲ್ಲಾ ರಾಬರ್ಟ್‌ಸನ್ ಪಂದ್ಯಗಳ ವಿವರಗಳನ್ನು ಬರೆದಿಟ್ಟು ನೆರವಾಗುತ್ತಿದ್ದಳು. ಹೊಗೆ, ಮದ್ಯ, ಹೊಲಸು ಮಾತು ಇವು ಅವನಿಗೆ ಆಗದು. ತೀರ ಸಿಟ್ಟು ಬಂದಾಗ ಆಟಗಾರನನ್ನು ಕತ್ತೆಯೆಂದು ಕರೆಯುತ್ತಿದ್ದನಂತೆ. ಅದಕ್ಕಿಂತ ಮುಂದೆ ಹೋಗಿದ್ದಿಲ್ಲ.

1905 ಅವನ ಕೀರ್ತಿಯ ವರ್ಷ. ಐವತ್ತಾರು ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಮಿಷಿಗನ್ ತಂಡವನ್ನು ನವೆಂಬರ್ 30ರಂದು ಷಿಕಾಗೊ 2–0ರಿಂದ ಸೋಲಿಸಿತು. ಕಾಯಿಲೆಯಲ್ಲಿ ಮಲಗಿದ್ದ ಹಾರ್ಪರ್ ಮುಂದಿನ ಜನವರಿಯಲ್ಲಿ ತೀರಿಕೊಂಡನು. ಅದೇ ಋತುವಿನಲ್ಲಿ ದೇಶದ ಬಯಲುಗಳಲ್ಲಿ ಕನಿಷ್ಠ 18 ಮಂದಿ ತರುಣರು ಈ ಆಟದಿಂದ ಸತ್ತರು. ರಾಷ್ಟ್ರಾಧ್ಯಕ್ಷ ರೂಸ್‌ವೆಲ್ಟನೇ ನಡುವೆ ಬರಬೇಕಾಯಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶಕೊಟ್ಟು, ಗುಂಪುಗಟ್ಟಿ ನುಗ್ಗುವುದನ್ನು ತಗ್ಗಿಸುವ ನಿಯಮಗಳು ಬಂದುವು. ಅವನ್ನು ರೂಪಿಸಿದ ಸಮಿತಿಯಲ್ಲಿ ಸ್ಟಾಗನೂ ಇದ್ದನು.

ಆ ಗೆಲುವಿನ ತಂಡದ ನಾಯಕಮಣಿ ವಾಲ್ಟರ್ ಎಕರ್ಸಾಲ್. ಅವನಷ್ಟು ಚೆನ್ನಾಗಿ ಒದೆಯುವವನು ಆಗ ದೇಶದಲ್ಲಿರಲಿಲ್ಲ. ಆದರೆ ನಾಲ್ಕು ವರ್ಷ ಆಡಿದರೂ ಅವನು ಪದವಿಯ ಹತ್ತಿರಕ್ಕೂ ಸುಳಿಯಲಿಲ್ಲ. 1906ರ ಋತು ಮುಗಿದು, ಅವನು ಆಡುವ ಅರ್ಹತೆ ತೀರಿದ ಮೇಲೆ ವಿದ್ಯಾನಿಲಯ ಅವನನ್ನು ಹೊರಗೆ ಹಾಕಿತು. ಅವನು ಮುಂದೆ ಪತ್ರಿಕೆಗೆ ಆಟದ ಸುದ್ದಿ ಬರೆದು ಬದುಕಿದನೆಂಬುದು ಬೇರೆ ಮಾತು. ಅಧ್ಯಾಪಕನ ಪೀಠದಲ್ಲಿ ಕುಳಿತವನು ಇದನ್ನು ನೋಡಿಯೂ ಸುಮ್ಮನಿದ್ದುದೇಕೆ? ಆಟ ಮಾರತಕ್ಕದ್ದಲ್ಲವೆಂದವನ ಬಯಲಿಗೆ ಟಿಕೆಟ್ಟು ಕೊಂಡು ಬರುವವರು ಸಾವಿರಗಟ್ಟಲೆಯಾಗಿದ್ದರು. ಇದೊಂದು ವಿಷಯದಲ್ಲಿ ಸ್ಟಾಗನ ಪಕ್ಷ ವಹಿಸಲು ನನಗೆ ಮನಸ್ಸೊಪ್ಪುವುದಿಲ್ಲ.

ನಲವತ್ತೊಂದು ಋತುಗಳಾದ ಮೇಲೆ, 1932ರಲ್ಲಿ, ಎಪ್ಪತ್ತು ತುಂಬಿತೆಂದು ವಿದ್ಯಾನಿಲಯ ಅವನನ್ನು ನಿವೃತ್ತಿಗೊಳಿಸಿತು. ಆಗಿನ ಅಧ್ಯಕ್ಷ ರಾಬರ್ಟ್ ಹಚಿನ್ಸನಿಗೆ ಕಾಲೇಜಿನಲ್ಲಿ ಫುಟ್‌ಬಾಲಿಗೆ ಇದ್ದ ಪ್ರಾಬಲ್ಯ ಹಿಡಿಸದು. ಬೇರೊಂದು ಹಗುರವಾದ ಹುದ್ದೆ ಕೊಡಬಂದರೆ ಸ್ಟಾಗ್ ಒಲ್ಲೆನೆಂದನು. ಹೆಂಡತಿಯೊಡನೆ ಕ್ಯಾಲಿಫೋರ್ನಿಯಕ್ಕೆ ಹೊರಟು, 1933ರಲ್ಲಿ ಸ್ಟಾಕ್‌ಟನ್ನಿನ ಪೆಸಿಫಿಕ್ ಕಾಲೇಜೆಂಬ ಚಿಕ್ಕ ಕಾಲೇಜಿನಲ್ಲಿ ಮೊದಲಿನಿಂದ ಆರಂಭಿಸಿದನು. 1938ರ ನವೆಂಬರಿನಲ್ಲಿ ಆ ಹುಡುಗರನ್ನು ಕರೆದುಕೊಂಡು ಷಿಕಾಗೊಗೆ ಬಂದು, ತನ್ನ ಹೆಸರನ್ನೇ ಹೊತ್ತ ಬಯಲಿನಲ್ಲಿ ತನ್ನ ಹಳೆಯ ವಿದ್ಯಾನಿಲಯವನ್ನು 32–0ರಿಂದ ಸೋಲಿಸಿದನು. ಎಪ್ಪತ್ತಾರರ ಮುದುಕನ ಮನಸ್ಸಿನಲ್ಲಿ ಆ ಸಂಜೆ ಏನಿದ್ದಿತೋ!

ಮರುವರ್ಷವೇ ಷಿಕಾಗೊ ಫುಟ್‌ಬಾಲ್ ತಂಡವನ್ನು ಮುಚ್ಚಿಬಿಟ್ಟಿತು. ಬಯಲು ಬರಿದಾಯಿತು. 1942ರ ಡಿಸೆಂಬರ್ 2ರಂದು ಅದರ ಪಶ್ಚಿಮ ಗ್ಯಾಲರಿಯ ಕೆಳಗಿನ ಅಂಕಣದಲ್ಲಿ ಎನ್ರಿಕೊ ಫರ್ಮಿಯೂ ಅವನ ಸಂಗಡಿಗರೂ ಪರಮಾಣುವಿನ ಸರಪಳಿ ಕ್ರಿಯೆಯನ್ನು ಮೊತ್ತಮೊದಲಿಗೆ ಹತೋಟಿಯಲ್ಲಿ ನಡೆಸಿದರು. ಅಣುಬಾಂಬಿನ ದಾರಿ ಅಲ್ಲಿಂದ ತೆರೆಯಿತು. ಮರುವರ್ಷ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಸ್ಟಾಗ್ ದೇಶದ ಆ ವರ್ಷದ ಶ್ರೇಷ್ಠ ತರಬೇತುದಾರನೆನ್ನಿಸಿಕೊಂಡನು. ಪೆಸಿಫಿಕ್ ಕಾಲೇಜನ್ನು ಬಿಟ್ಟ ಮೇಲೆ ಪೆನ್ಸಿಲ್ವೇನಿಯದ ಸಸ್ಕ್ವೆಹಾನ ಕಾಲೇಜಿನಲ್ಲಿ ಮಗನ ಜೊತೆ ದುಡಿದನು. ತೊಂಬತ್ತು ದಾಟಿದ ಮೇಲೂ ಸ್ಟಾಕ್‌ಟನ್ನಿನ ಹುಡುಗರಿಗೆ ಚೆಂಡು ಒದೆಯುವುದನ್ನು ಹೇಳಿಕೊಡುತ್ತಿದ್ದನು. 1964ರಲ್ಲಿ ಸ್ಟೆಲ್ಲಾ ತೀರಿಕೊಂಡಳು. 1965ರ ಮಾರ್ಚ್ 17ರಂದು ಸ್ಟಾಗನೂ ಕಣ್ಣು ಮುಚ್ಚಿದನು.

ಷಿಕಾಗೊದ ಹಳೆಯ ಗ್ಯಾಲರಿಗಳನ್ನು ಅಷ್ಟರಲ್ಲಿಯೇ ಕೆಡವಿದ್ದರು. 1969ರಲ್ಲಿ ವಿದ್ಯಾನಿಲಯ ಮತ್ತೆ ಫುಟ್‌ಬಾಲ್ ತಂಡವನ್ನು ಕಟ್ಟಿ ಬೇರೊಂದು ಬಯಲಿನಲ್ಲಿ ಆಡಿಸಿತು. ಆ ಬಯಲಿಗೂ ಸ್ಟಾಗನ ಹೆಸರೇ. ಹಳೆಯ ಬಯಲಿದ್ದ ಜಾಗದಲ್ಲಿ 1970ರಲ್ಲಿ ವಿದ್ಯಾನಿಲಯದ ದೊಡ್ಡ ಗ್ರಂಥಾಲಯ ತೆರೆಯಿತು.