ಅಟ್ಟದ ಮೇಲಿನ ಓದುಗ ಕೀರ್ತಿನಾಥ ಕುರ್ತಕೋಟಿ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಗುರುಗಳು ಕೇಳಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬಹುದು. ನಾನು ಆರಿಸಿಕೊಂಡದ್ದು ಒಬ್ಬ ಸಾಹಿತ್ಯ ವಿಮರ್ಶಕರನ್ನು. ಅದಕ್ಕೆ ಕಾರಣವಿದೆ. ಕೀರ್ತಿನಾಥ ಕುರ್ತಕೋಟಿಯವರಿಗೆ ಹೆಸರು ತಂದ ಬರಹ ಹುಟ್ಟಿದ್ದು ಇಂಥದೇ ಒಂದು ಮಹೋತ್ಸವದ ಸಂಪುಟಕ್ಕಾಗಿ.

ಕುರ್ತಕೋಟಿಯವರು ಹುಟ್ಟಿದ್ದು 1928ರಲ್ಲಿ, ಗದಗಿನಲ್ಲಿ. ಕುಮಾರವ್ಯಾಸನ ಊರು ಅದು. ಮುಂದೆ ಓದಲು ಧಾರವಾಡಕ್ಕೆ ಬಂದರು, ಇಂಗ್ಲಿಷ್ ಸಾಹಿತ್ಯ ಕಲಿತರು. ಆಗಿನ ಧಾರವಾಡದಲ್ಲಿ ಬೇಂದ್ರೆಯವರಿದ್ದರು. ಸುಭಾಸ ರಸ್ತೆಯಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಇತ್ತು. ಮಾಳಿಗೆಯ ಮೇಲಿನ ಅದರ ಕಚೇರಿಯನ್ನು ಎಲ್ಲರೂ ಅಟ್ಟ ಎಂದೇ ಕರೆಯುತ್ತಾರೆ. ಹೊಸದಾಗಿ ಬರೆಯುವವರು ಮೆಟ್ಟಿಲು ಹತ್ತಿ ಹೋದರೆ ಅಲ್ಲಿ ಓದಿ ನೋಡಿ ಅಭಿಪ್ರಾಯ ಹೇಳುವವರಿದ್ದರು. ಕುರ್ತಕೋಟಿಯವರು ಆ ಅಟ್ಟದ ಬಹುದೊಡ್ಡ ಓದುಗರು.

ಗ್ರಂಥಮಾಲೆಗೆ 25 ವರ್ಷ ತುಂಬಿದ ನೆನಪಿಗೆ ಜೋಶಿಯವರು ನಡೆದು ಬಂದ ದಾರಿ ಎಂಬ ಸಂಪುಟಗಳನ್ನು ತಂದರು. ಅಂಥ ಸಂಪುಟಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂಬುದು ನಮಗೆಲ್ಲ ಗೊತ್ತು: ಶುಭಾಶಯ, ಹೊಗಳಿಕೆ, ಹಳೆಯ ಫೋಟೋ. ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಕುರ್ತಕೋಟಿಯವರು ಹೊಗಳಿ ಮುಗಿಸಲಿಲ್ಲ. ಸುಮಾರು ನಾಲ್ಕು ದಶಕಗಳ ಕನ್ನಡ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ಕಾವ್ಯ, ಕಾದಂಬರಿ, ನಾಟಕ ಎಂದು ಒಂದೊಂದನ್ನೂ ತೂಗಿ ನೋಡಿದರು. ಹಿರಿಯರ ಮೇಲಿನ ಗೌರವ ಕೆಡದಂತೆ, ಎಲ್ಲಿ ಸೋತಿದೆ ಎಂಬುದನ್ನೂ ಬರೆದರು. ಆ ಬರಹ 1962ರಲ್ಲಿ ಯುಗಧರ್ಮ ಹಾಗೂ ಸಾಹಿತ್ಯ ದರ್ಶನ ಎಂಬ ಪುಸ್ತಕವಾಯಿತು. ಇಂದಿಗೂ ಕನ್ನಡ ವಿಮರ್ಶೆ ಓದುವವರು ಅದನ್ನು ದಾಟಿ ಹೋಗುವಂತಿಲ್ಲ.

ಅದರಿಂದ ಆದ ಒಂದು ಫಲ ನಮಗೆಲ್ಲ ಪರಿಚಿತ. ಇತಿಹಾಸವನ್ನು ವಸ್ತುವಾಗಿ ಇಟ್ಟುಕೊಂಡ ನಾಟಕಗಳು ಕನ್ನಡದಲ್ಲಿ ಬಂದಿದ್ದರೂ, ಬರ್ನಾರ್ಡ್ ಶಾ ಮಾಡಿದಂತೆ ಇತಿಹಾಸವನ್ನು ಆಳವಾಗಿ ವಿಚಾರಿಸಿದ ನಾಟಕ ಬಂದಿಲ್ಲ ಎಂದು ಕುರ್ತಕೋಟಿಯವರು ಬರೆದಿದ್ದರು. ಅದನ್ನು ಓದಿದ ತರುಣ ಗಿರೀಶ ಕಾರ್ನಾಡರು ಇತಿಹಾಸದ ಪುಸ್ತಕ ತೆರೆದರು. 1964ರಲ್ಲಿ ತುಘಲಕ್ ಬಂತು. ಈ ನಾಟಕಕ್ಕೆ ಪ್ರೇರಣೆ ಅದೇ ಮಾತು ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಒಬ್ಬರು ಪ್ರಾಮಾಣಿಕವಾಗಿ ಕೊರತೆ ತೋರಿಸಿದ್ದಕ್ಕೆ ಇನ್ನೊಬ್ಬರು ಅದನ್ನು ತುಂಬಿಕೊಟ್ಟರು.

ನಾನು ಅವರನ್ನು ಹಚ್ಚಿಕೊಳ್ಳಲು ಇನ್ನೊಂದು ಕಾರಣವಿದೆ. ಕುರ್ತಕೋಟಿಯವರ ಹೊಟ್ಟೆಪಾಡು ಇಂಗ್ಲಿಷಿನದು. ಗುಜರಾತಿನಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಹೇಳಿದರು. ಸುತ್ತ ಗುಜರಾತಿ, ತರಗತಿಯಲ್ಲಿ ಇಂಗ್ಲಿಷ್, ಬರೆಯಲು ಕೂತಾಗ ಕನ್ನಡ. ನಿವೃತ್ತರಾಗಿ ಧಾರವಾಡಕ್ಕೆ ಮರಳಿದ ಮೇಲೂ ಬರೆಯುತ್ತಲೇ ಇದ್ದರು. ಆ ಮನಿ ಎಂಬ ನಾಟಕವೂ ಅವರದೇ. ಉರಿಯ ನಾಲಗೆ ಎಂಬ ವಿಮರ್ಶಾ ಕೃತಿಗೆ 1995ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2003ರಲ್ಲಿ ತೀರಿಕೊಂಡರು. ಬೆಂಗಳೂರು, ಪುಣೆ, ಅಮೆರಿಕ ಎಂದು ಚದುರಿ ಹೋಗಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಈ ಬದುಕನ್ನು ಒಮ್ಮೆ ನೆನೆಯಬೇಕು. ಅನ್ನದ ಭಾಷೆ ಬೇರೆಯಾದರೆ ವಿಚಾರದ ಭಾಷೆಯನ್ನು ಬಿಡಬೇಕೆಂದೇನೂ ಇಲ್ಲ.

ಗೋಕುಲ ರಸ್ತೆಯಲ್ಲಿರುವ ನನ್ನ ಕಚೇರಿಯಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಸಾಲು ಸಾಲಾಗಿ ಓದಿ, ಇಲ್ಲಿ ಯಾಕೆ ಹೀಗೆ ಎಂದು ಕೇಳದೆ ಮುಂದೆ ಕಳಿಸುವುದಿಲ್ಲ. ಆ ಪ್ರಶ್ನೆಯನ್ನು ಯಾರೂ ಅವಮಾನ ಎಂದು ತಿಳಿಯುವುದಿಲ್ಲ. ವಿಮರ್ಶೆಯೂ ಅಂಥದೇ ಕೆಲಸ. ಕವಿತೆಯ ಸಾರಾಂಶ ಗೈಡಿನಲ್ಲಿ ಸಿಗುತ್ತದೆ. ಈ ಪದವೇ ಯಾಕೆ, ಈ ಕಥೆ ಇಲ್ಲೇ ಯಾಕೆ ನಿಂತಿತು, ಇದು ನನಗೆ ಒಪ್ಪಿಗೆಯೇ ಎಂಬುದು ಯಾವ ಗೈಡಿನಲ್ಲೂ ಇಲ್ಲ. ಅದನ್ನು ಓದಿದವರೇ ಹೇಳಬೇಕು. ಸರಕಾರಿ ಶಾಲೆಯ ಮಕ್ಕಳು ನೌಕರಿಗೆ ಹೋದಲ್ಲಿ ಹಿಂಜರಿಯುವುದು ಬುದ್ಧಿ ಕಡಿಮೆಯಾಗಿ ಅಲ್ಲ. ತಮ್ಮ ಅಭಿಪ್ರಾಯವನ್ನು ಕಾರಣ ಕೊಟ್ಟು ಹೇಳುವ ರೂಢಿ ಇಲ್ಲದ್ದಕ್ಕೆ.

ಅದಕ್ಕೆ ಗುರುಗಳಲ್ಲಿ, ಊರಿನ ಹಿರಿಯರಲ್ಲಿ ಒಂದು ಅರಿಕೆ. ಪ್ರತಿವರ್ಷ ಒಂಬತ್ತನೆಯ ತರಗತಿಯ ಮಕ್ಕಳು ತಮಗೆ ಬೇಕಾದ ಒಂದು ಕಥೆಯನ್ನೋ ಪದ್ಯವನ್ನೋ ಓದಿ, ಯಾರದನ್ನೂ ನೋಡದೆ ಎರಡು ಪುಟ ಬರೆಯಲಿ. ಮೆಚ್ಚಿದ್ದರೆ ಯಾಕೆ, ಮೆಚ್ಚದಿದ್ದರೆ ಯಾಕೆ ಎಂದು ಬರೆಯಲಿ. ಬಹುಮಾನದ ಪುಸ್ತಕಗಳನ್ನು ಸುಭಾಸ ರಸ್ತೆಯ ಅದೇ ಅಟ್ಟದಿಂದ ತಂದುಕೊಡುವ ಜವಾಬ್ದಾರಿ ನನ್ನದು.