ದುಡಿಯುವ ಕೈಗಳನ್ನು ಮರಳಿಸಿದ ವೈದ್ಯ

ಮಾನವನ ಅಂಗಗಳಲ್ಲಿ ಕೈಗೆ ವಿಶಿಷ್ಟವಾದ ಸ್ಥಾನವುಂಟು. ಉಳುವುದು, ನೇಯುವುದು, ಬರೆಯುವುದು, ಹಸಿದ ಮಗುವಿಗೆ ತುತ್ತಿಡುವುದು ಇವೆಲ್ಲವೂ ಕೈಯಿಂದಲೇ ನಡೆಯತಕ್ಕ ಕಾರ್ಯಗಳು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹುಟ್ಟಿದ್ದು ಈ ಅನುಭವದಿಂದಲೇ. ಆ ಕೈಯ ಬೆರಳುಗಳೇ ಮುದುಡಿ ನಿಶ್ಚೇಷ್ಟಿತವಾದರೆ ಬಾಳುವೆಯ ಗತಿಯೇನು? ಕುಷ್ಠರೋಗದಿಂದ ಅಂಗವಿಕಲರಾದ ಅಸಂಖ್ಯ ಜನರು ಒಂದು ಕಾಲದಲ್ಲಿ ಇಂತಹ ದುಃಸ್ಥಿತಿಯಲ್ಲಿದ್ದರು. ಅವರ ಕೈಗಳಿಗೆ ಚಲನೆಯನ್ನೂ ಬಾಳಿಗೆ ಕಾಯಕವನ್ನೂ ಮರಳಿ ತಂದುಕೊಟ್ಟವರಲ್ಲಿ ಡಾಕ್ಟರ್ ಪಾಲ್ ಬ್ರಾಂಡರು ಅಗ್ರಗಣ್ಯರು.

ಪಾಲ್ ಬ್ರಾಂಡರು 1914ರ ಜುಲೈ 17ರಂದು ಇಂದಿನ ತಮಿಳುನಾಡಿನಲ್ಲಿರುವ ಕೊಲ್ಲಿಮಲೆಯಲ್ಲಿ ಜನಿಸಿದರು. ತಂದೆ ಜೆಸ್ಸಿ ಬ್ರಾಂಡ್, ತಾಯಿ ಎವೆಲಿನ್. ಇಂಗ್ಲೆಂಡಿನಿಂದ ಧರ್ಮಪ್ರಚಾರಕ್ಕಾಗಿ ಬಂದಿದ್ದ ಈ ದಂಪತಿಗಳು ಮಲೇರಿಯಾದ ಬೀಡಾಗಿದ್ದ ಆ ಬೆಟ್ಟದ ಮೇಲೆ ನೆಲಸಿ, ಗಿರಿಜನರಿಗೆ ಔಷಧೋಪಚಾರವನ್ನೂ ಮಾಡುತ್ತಿದ್ದರು. ತಂದೆಯು ಹುಣ್ಣುಗಳನ್ನು ತೊಳೆದು ಕಟ್ಟುವುದನ್ನು ಬಾಲಕನು ಕಾಣುತ್ತಿದ್ದನು. ಕೀವು, ರಕ್ತಗಳ ಆ ನೋಟ ಅವನಲ್ಲಿ ಜುಗುಪ್ಸೆಯನ್ನು ಹುಟ್ಟಿಸಿತು. ಒಂದು ದಿನ ಕುಷ್ಠರೋಗಿಗಳಾದ ಮೂವರು ಅಪರಿಚಿತರು ಮನೆಯ ಬಳಿಗೆ ಬಂದರು. ತಂದೆ ಕೈಚೀಲಗಳನ್ನು ಧರಿಸಿ ಅವರ ಗಾಯಗಳಿಗೆ ಕಟ್ಟು ಕಟ್ಟಿದರು. ಅವರು ಕುಳಿತಿದ್ದ ಜಾಗದಲ್ಲಿ ಆಡಕೂಡದೆಂದು ಮಕ್ಕಳಿಗೆ ಎಚ್ಚರಿಕೆ ನೀಡಲಾಯಿತು. ಆ ರೋಗವನ್ನು ಕುರಿತು ಲೋಕಕ್ಕಿದ್ದ ಭೀತಿಯು ಹೀಗೆ ಬಾಲಕನ ಮನಸ್ಸಿನಲ್ಲಿಯೂ ಬೇರೂರಿತು.

ಒಂಬತ್ತನೆಯ ವಯಸ್ಸಿನಲ್ಲಿ ಪಾಲ್‌ನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. 1929ರಲ್ಲಿ ತಂದೆಯು ಕೊಲ್ಲಿಮಲೆಯಲ್ಲಿಯೇ ಜ್ವರಪೀಡಿತರಾಗಿ ನಿಧನರಾದರು. ತಾಯಿ ಎದೆಗುಂದದೆ ಸೇವೆಯನ್ನು ಮುಂದುವರಿಸಿದರು. ಮಗನಿಗಾದರೋ ವೈದ್ಯವಿದ್ಯೆಯಲ್ಲಿ ಒಲವಿರಲಿಲ್ಲ. ಅವರು ಶಾಲೆಯನ್ನು ಬಿಟ್ಟು ಮನೆ ಕಟ್ಟುವ ಕಸುಬನ್ನು ಸುಮಾರು ಐದು ವರ್ಷಗಳ ಕಾಲ ಶ್ರದ್ಧೆಯಿಂದ ಕಲಿತರು. ಮರಗೆಲಸ, ಕಲ್ಲುಗೆಲಸಗಳಲ್ಲಿ ಅವರ ಕೈ ಪಳಗಿತು. ಅನಂತರ ಹೊರದೇಶಗಳಿಗೆ ಸೇವೆಗಾಗಿ ಹೋಗುವವರಿಗೆ ಪ್ರಾಥಮಿಕ ಚಿಕಿತ್ಸೆಯನ್ನು ಕಲಿಸುವ ಶಿಕ್ಷಣವೊಂದಕ್ಕೆ ಸೇರಿದಾಗ, ರಕ್ತಹೀನಳಾಗಿ ಮರಣೋನ್ಮುಖಳಾಗಿದ್ದ ತರುಣಿಯೊಬ್ಬಳು ಪರರ ರಕ್ತವನ್ನು ಪಡೆದು ಕಣ್ದೆರೆದ ದೃಶ್ಯವನ್ನು ಅವರು ಕಂಡರು. ಆ ಕ್ಷಣವೇ ಅವರ ಬಾಳಿನ ದಿಕ್ಕನ್ನು ಬದಲಿಸಿತು. ಅವರು 1937ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಕೀಯ ವ್ಯಾಸಂಗವನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳ ಮಳೆ ಸುರಿದಾಗ ಗಾಯಗೊಂಡವರ ಶುಶ್ರೂಷೆಯಲ್ಲಿ ತೊಡಗಿ ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿ ಪಡೆದರು. ಸಹಪಾಠಿಯಾಗಿದ್ದ ಮಾರ್ಗರೆಟ್ ಬೆರಿ ಅವರನ್ನು 1943ರಲ್ಲಿ ವಿವಾಹವಾದರು.

1946ರಲ್ಲಿ ಕುಷ್ಠರೋಗತಜ್ಞ ಡಾಕ್ಟರ್ ರಾಬರ್ಟ್ ಕಾಕ್ರೇನರ ಕರೆಗೆ ಓಗೊಟ್ಟು ಬ್ರಾಂಡರು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ವಿದ್ಯಾರ್ಥಿಗಳಿಗೆ ಶಸ್ತ್ರಚಿಕಿತ್ಸೆಯನ್ನು ಬೋಧಿಸುವುದು ಅವರ ಕೆಲಸವಾಗಿತ್ತು. ಒಮ್ಮೆ ಅವರು ಕಾಕ್ರೇನರೊಡನೆ ಚೆಂಗಲ್ಪಟ್ಟಿನ ಕುಷ್ಠರೋಗ ಚಿಕಿತ್ಸಾಲಯಕ್ಕೆ ಹೋದರು. ರೋಗಾಣುಗಳನ್ನು ಅಡಗಿಸುವ ಹೊಸ ಔಷಧಗಳು ಆಗ ತಾನೇ ಬಳಕೆಗೆ ಬರುತ್ತಿದ್ದುವು. ಆದರೆ ಮುದುಡಿದ ಬೆರಳುಗಳನ್ನು ಬಿಡಿಸುವ ಶಕ್ತಿ ಯಾವ ಔಷಧಕ್ಕೂ ಇರಲಿಲ್ಲ. ಮೂಳೆಗಳ ಚಿಕಿತ್ಸೆಯನ್ನು ಬಲ್ಲ ವೈದ್ಯರು ಈ ರೋಗಿಗಳತ್ತ ಗಮನ ಹರಿಸಿರಲಿಲ್ಲ. ಕುಷ್ಠರೋಗದಲ್ಲಿ ಮಾಂಸವೇ ಕೊಳೆತು ಬೆರಳುಗಳು ಉದುರುತ್ತವೆ ಎಂಬುದು ಸಾಮಾನ್ಯರ ನಂಬಿಕೆ ಮಾತ್ರವಲ್ಲ, ಅನೇಕ ವೈದ್ಯರ ನಂಬಿಕೆಯೂ ಆಗಿತ್ತು. ಅಲ್ಲಿದ್ದ ರೋಗಿಯೊಬ್ಬನ ಬೆರಳುಗಳು ಹದ್ದಿನ ಉಗುರುಗಳಂತೆ ಬಾಗಿಹೋಗಿದ್ದುವು. ಬ್ರಾಂಡರು ಆ ಕೈಯೊಳಗೆ ತಮ್ಮ ಕೈಯನ್ನಿಟ್ಟು ಬಲವಾಗಿ ಹಿಡಿಯುವಂತೆ ಹೇಳಿದರು. ದುರ್ಬಲವಾಗಿರಬಹುದೆಂದು ಅವರು ಭಾವಿಸಿದ್ದ ಆ ಹಿಡಿತ ನೋವುಂಟುಮಾಡುವಷ್ಟು ಬಿಗಿಯಾಗಿತ್ತು. ಕೈಯಲ್ಲಿ ಸತ್ತುಹೋಗಿರುವುದು ಕೆಲವು ಸ್ನಾಯುಗಳು ಮಾತ್ರ, ಉಳಿದವು ಸಜೀವವಾಗಿವೆ ಎಂಬ ಸತ್ಯ ಆಗ ಅವರಿಗೆ ಹೊಳೆಯಿತು.

ಬ್ರಾಂಡರು ವಿದ್ಯಾರ್ಥಿಯಂತೆ ಮತ್ತೆ ಅಧ್ಯಯನಕ್ಕೆ ತೊಡಗಿದರು. ರೋಗವು ನರಗಳನ್ನು ಕೆಲವೆಡೆಗಳಲ್ಲಿ ಮಾತ್ರ ಘಾಸಿಗೊಳಿಸುವುದೆಂದೂ, ಮುಂದೋಳಿನ ಅನೇಕ ಸ್ನಾಯುಗಳು ಬಲವಾಗಿಯೇ ಉಳಿಯುವುವೆಂದೂ ಅವರು ಕಂಡುಕೊಂಡರು. ಬಲವುಳ್ಳ ಸ್ನಾಯುವಿನ ತುದಿಯ ರಜ್ಜುವನ್ನು ಅದರ ಸ್ಥಾನದಿಂದ ಬಿಡಿಸಿ, ಬಲಗೆಟ್ಟ ಬೆರಳಿಗೆ ಜೋಡಿಸಿದರೆ ಆ ಬೆರಳು ಮತ್ತೆ ಚಲಿಸಬಲ್ಲದಷ್ಟೆ. ಪೋಲಿಯೊದಿಂದ ಕೈಕಾಲು ಸೋತವರಿಗೆ ಮಾಡುತ್ತಿದ್ದ ಈ ಬಗೆಯ ಶಸ್ತ್ರಚಿಕಿತ್ಸೆಯನ್ನು ಅವರು ಕುಷ್ಠರೋಗಿಗಳ ಕೈಗಳಿಗೆ ಅಳವಡಿಸಿದರು. ಶಸ್ತ್ರಚಿಕಿತ್ಸೆಯಿಂದಲೇ ಕಾರ್ಯ ಮುಗಿಯುತ್ತಿರಲಿಲ್ಲ. ಹೊಸ ಹೊಣೆಯನ್ನು ಹೊತ್ತ ಸ್ನಾಯುವಿಗೆ ಹೊಸ ಕೆಲಸವನ್ನು ಕಲಿಸಲು ವಾರಗಟ್ಟಲೆ ಅಂಗಸಾಧನೆ ಬೇಕಾಗುತ್ತಿತ್ತು. ವೈದ್ಯನ ಕೌಶಲದಷ್ಟೇ ರೋಗಿಯ ತಾಳ್ಮೆಯೂ ಅಗತ್ಯವಾಗಿತ್ತು.

ಆದರೆ ಸಮಸ್ಯೆ ಅಲ್ಲಿಗೆ ತೀರಲಿಲ್ಲ. ಕೈ ನೆಟ್ಟಗಾಗಿ ಊರಿಗೆ ಹಿಂದಿರುಗಿದವನೊಬ್ಬನು ಕೆಲವು ಕಾಲದ ಅನಂತರ ಹಸಿದು ಸೊರಗಿ ಮರಳಿ ಬಂದನು. ರೋಗದ ಗುರುತಿದ್ದುದರಿಂದ ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ಕೈಗಳು ಮೊದಲಿನಂತೆ ವಿಕಾರವಾಗಿ ಕಾಣದಿದ್ದುದರಿಂದ ಭಿಕ್ಷೆಯೂ ಸರಿಯಾಗಿ ಹುಟ್ಟಲಿಲ್ಲ. ವೈದ್ಯರು ಕೊಟ್ಟ ಕೈಗಳು ಭಿಕ್ಷೆಗೆ ತಕ್ಕವಲ್ಲವೆಂದು ಅವನು ಹಲುಬಿದಾಗ ಬ್ರಾಂಡರ ಮನಸ್ಸು ಕಲಕಿತು. ಅಂಗವನ್ನು ಸರಿಪಡಿಸಿದರೆ ಸಾಲದು, ಅಂಗವಿಕಲನು ತಾನೇ ದುಡಿದು ಉಣ್ಣುವಂತಾದಾಗಲೇ ಚಿಕಿತ್ಸೆ ಪೂರ್ಣವಾಗುವುದೆಂದು ಅವರು ಅರಿತರು. ಅದರ ಫಲವಾಗಿ ವೆಲ್ಲೂರಿನಲ್ಲಿ ನವಜೀವನ ನಿಲಯವು ತಲೆಯೆತ್ತಿತು. ಸುಣ್ಣ ಬಳಿದ ಪುಟ್ಟ ಮನೆಗಳ ಆ ನೆಲೆಯಲ್ಲಿ ಶಸ್ತ್ರಚಿಕಿತ್ಸೆ ಪಡೆದ ಯುವಕರು ಮರದ ಆಟಿಕೆಗಳನ್ನು ತಯಾರಿಸಲು ಕಲಿತರು. ತಾರುಣ್ಯದಲ್ಲಿ ಕಲಿತ ಮರಗೆಲಸವು ಬ್ರಾಂಡರಿಗೆ ಇಲ್ಲಿ ಉಪಯೋಗಕ್ಕೆ ಬಂದಿತು. ಅವರು ಉಳಿ, ಗರಗಸಗಳನ್ನು ಹಿಡಿದು ತಾವೇ ಆ ಯುವಕರಿಗೆ ಗುರುವಾದರು.

ನವಜೀವನ ನಿಲಯವು ಗುರುವಿಗೂ ಪಾಠಶಾಲೆಯಾಯಿತು. ಒಮ್ಮೆ ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ಬ್ರಾಂಡರಿಗೆ ಸಾಧ್ಯವಾಗಲಿಲ್ಲ. ಕೃಶನಾದ ಬಾಲಕನೊಬ್ಬನು ಮುಂದೆ ಬಂದು ಬೀಗದ ಕೈಯನ್ನು ತಿರುಗಿಸಿಯೇಬಿಟ್ಟನು. ಅವನ ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಕಬ್ಬಿಣವು ಮೂಳೆಯವರೆಗೆ ಕೊರೆದಿದ್ದರೂ ಅವನಿಗೆ ಅದರ ಅರಿವಿರಲಿಲ್ಲ. ಅಂದಿನಿಂದ ಬ್ರಾಂಡರು ಪ್ರತಿಯೊಬ್ಬರ ಕೈಕಾಲುಗಳನ್ನೂ ದಿನದಿನವೂ ಪರೀಕ್ಷಿಸಿ, ಪ್ರತಿಯೊಂದು ಗಾಯದ ಕಾರಣವನ್ನೂ ಹುಡುಕತೊಡಗಿದರು. ಬಿಸಿ ಪಾತ್ರೆ, ಒರಟು ಹಿಡಿಕೆ, ಕಾಲಿಗೆ ಚುಚ್ಚಿದ ಮೊಳೆ ಹೀಗೆ ಪ್ರತಿಯೊಂದಕ್ಕೂ ಕಾರಣ ದೊರೆಯಿತು. ರಾತ್ರಿಯಲ್ಲಿ ಕೆಲವರ ಬೆರಳುಗಳು ಮಾಯವಾಗುತ್ತಿದ್ದುದಕ್ಕೆ ಇಲಿಗಳೇ ಕಾರಣವೆಂದು ಕಾದು ನೋಡಿದಾಗ ತಿಳಿಯಿತು. ನೋವಿನ ಅರಿವಿಲ್ಲದ ಆ ನತದೃಷ್ಟರು ನಿದ್ರೆಯಿಂದ ಎಚ್ಚರಗೊಳ್ಳುತ್ತಲೇ ಇರಲಿಲ್ಲ! ಅಲ್ಲಿಂದ ಮುಂದೆ ಮನೆಗೆ ಹಿಂದಿರುಗುವವರಿಗೆ ಬೆಕ್ಕೊಂದನ್ನು ಜೊತೆಗೆ ಕೊಟ್ಟು ಕಳುಹಿಸುವ ಪದ್ಧತಿ ಬಂದಿತು. ಕಾಲಿನ ಹುಣ್ಣುಗಳನ್ನು ತಡೆಯಲು ಮೃದುವಾದ ರಬ್ಬರಿನ ಪಾದರಕ್ಷೆಗಳು ಸಿದ್ಧವಾದುವು. ಬೆರಳುಗಳು ಕೊಳೆತು ಉದುರುವುದಿಲ್ಲ, ನೋವೆಂಬ ಕಾವಲುಗಾರನಿಲ್ಲದೆ ಅವು ನಾಶವಾಗುತ್ತವೆ ಎಂಬ ಮಹತ್ತ್ವದ ವಿಚಾರವು ಹೀಗೆ ಸ್ಪಷ್ಟವಾಯಿತು.

ಈ ಸತ್ಯವು ಬ್ರಾಂಡರ ಸ್ವಂತ ಅನುಭವಕ್ಕೂ ಬಂದಿತು. ಅಮೆರಿಕದ ಪ್ರವಾಸದಿಂದ ಲಂಡನ್ನಿಗೆ ಬಂದಿಳಿದ ಒಂದು ರಾತ್ರಿ, ಪಾದರಕ್ಷೆಯನ್ನು ಕಳಚುವಾಗ ಹಿಮ್ಮಡಿಯಲ್ಲಿ ಸ್ಪರ್ಶಜ್ಞಾನವಿಲ್ಲವೆಂದು ಅವರಿಗೆ ತೋರಿತು. ಸೂಜಿಯಿಂದ ಚುಚ್ಚಿಕೊಂಡರೂ ನೋವಾಗಲಿಲ್ಲ. ತಮಗೂ ರೋಗ ತಗುಲಿತೆಂದು ಭಾವಿಸಿ, ಪತ್ನಿ ಮಕ್ಕಳಿಂದ ದೂರವಾಗಿ ಬಾಳಬೇಕಾದ ಭವಿಷ್ಯವನ್ನು ನೆನೆದು ಇರುಳೆಲ್ಲ ಕಳವಳಗೊಂಡರು. ಬೆಳಗಾದ ಮೇಲೆ ಮತ್ತೆ ಚುಚ್ಚಿಕೊಂಡಾಗ ತೀವ್ರವಾಗಿ ನೋವಾಯಿತು. ದೀರ್ಘ ಪ್ರಯಾಣದಲ್ಲಿ ಒಂದೇ ಭಂಗಿಯಲ್ಲಿ ಕುಳಿತುದರಿಂದ ನರವು ಮರಗಟ್ಟಿತ್ತಷ್ಟೆ. ಆ ನೋವು ಅವರಿಗೆ ಅಮೃತಪ್ರಾಯವಾಯಿತು. ತಮ್ಮ ರೋಗಿಗಳು ಬಾಳುವೆಯುದ್ದಕ್ಕೂ ಅನುಭವಿಸುವ ತಳಮಳವನ್ನು ಅವರು ಆ ಒಂದು ರಾತ್ರಿಯಲ್ಲಿ ಅನುಭವಿಸಿದ್ದರು.

ಬ್ರಾಂಡರ ಕೀರ್ತಿಯು ಹರಡಿದಂತೆ ದೇಶವಿದೇಶಗಳ ತರುಣ ವೈದ್ಯರೂ ಅಂಗಸಾಧನೆಯ ತಜ್ಞರೂ ವೆಲ್ಲೂರಿಗೂ ಸಮೀಪದ ಕರಿಗಿರಿಗೂ ಬಂದು ಈ ವಿದ್ಯೆಯನ್ನು ಕಲಿತರು. ಪತ್ನಿ ಮಾರ್ಗರೆಟ್ ನೇತ್ರವೈದ್ಯೆಯಾಗಿ, ರೆಪ್ಪೆ ಮಿಟುಕಿಸಲಾರದೆ ಕುರುಡಾಗುತ್ತಿದ್ದ ಕುಷ್ಠರೋಗಿಗಳ ಕಣ್ಣುಗಳನ್ನು ಉಳಿಸಲು ಶ್ರಮಿಸಿದರು. ಬ್ರಾಂಡರ ಪ್ರೋತ್ಸಾಹದಿಂದ ಬೆಳಗಿದವರಲ್ಲಿ ಡಾಕ್ಟರ್ ಮೇರಿ ವರ್ಗೀಸರು ಸ್ಮರಣೀಯರು. 1954ರಲ್ಲಿ ಸಂಭವಿಸಿದ ವಾಹನಾಪಘಾತದಿಂದ ಈ ತರುಣ ವೈದ್ಯೆಯ ದೇಹವು ಸೊಂಟದಿಂದ ಕೆಳಗೆ ಚಲನಶಕ್ತಿಯನ್ನು ಕಳೆದುಕೊಂಡಿತು. ಆದರೂ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅನಂತರ ಅಮೆರಿಕದಲ್ಲಿ ಅಂಗವಿಕಲರ ಪುನಶ್ಚೇತನ ಶಾಸ್ತ್ರವನ್ನು ಅಭ್ಯಾಸಮಾಡಿ, ವೆಲ್ಲೂರಿಗೆ ಮರಳಿ ಆ ಶಾಸ್ತ್ರದ ವಿಭಾಗವನ್ನು ಮುನ್ನಡೆಸಿದರು. 1972ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

1960ರಲ್ಲಿ ಬ್ರಾಂಡರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಲಭಿಸಿತು. 1966ರಲ್ಲಿ ಅವರು ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಎಂಬಲ್ಲಿದ್ದ ಕುಷ್ಠರೋಗ ಆಸ್ಪತ್ರೆಗೆ ತೆರಳಿ, ಸುಮಾರು ಇಪ್ಪತ್ತು ವರ್ಷಗಳ ಕಾಲ ಸೇವೆ ಸಲ್ಲಿಸಿದರು. ಮಧುಮೇಹಿಗಳ ಪಾದಗಳಲ್ಲಿಯೂ ಸ್ಪರ್ಶಜ್ಞಾನ ನಶಿಸುವುದರಿಂದಲೇ ಹುಣ್ಣುಗಳಾಗುವುದನ್ನು ಅವರು ಗಮನಿಸಿದರು. ವೆಲ್ಲೂರಿನ ಬಡವರ ಕೈಕಾಲುಗಳಿಂದ ಕಲಿತ ಪಾಠವು ಹೀಗೆ ಸಿರಿವಂತ ದೇಶದ ಮಧುಮೇಹಿಗಳ ಕಾಲುಗಳನ್ನು ಉಳಿಸಿತು. 2003ರ ಜುಲೈ 8ರಂದು ಬ್ರಾಂಡರು ಸಿಯಾಟಲ್ ನಗರದಲ್ಲಿ ನಿಧನರಾದರು.

ಇಂದು ಕುಷ್ಠರೋಗವು ಔಷಧಗಳಿಂದ ಸಂಪೂರ್ಣವಾಗಿ ಗುಣವಾಗುತ್ತದೆ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ದೊರೆತರೆ ಅಂಗವೈಕಲ್ಯವನ್ನೂ ತಡೆಯಬಹುದು. ವೈದ್ಯವಿದ್ಯೆಯನ್ನು ಕಲಿಯುವ ತರುಣರು ಇಂದಿಗೂ ಸೇವೆಯ ಹಂಬಲದಿಂದ ಪರದೇಶಗಳ ಅಂಗವಿಕಲರ ಬಳಿಗೆ ಹೋಗುತ್ತಾರೆ. ಅಂಥವರಿಗೆ ಬ್ರಾಂಡರ ಬಾಳು ದಾರಿದೀಪವಾಗಿದೆ. ಅವರು ಕಲಿಸಲೆಂದು ಬಂದರು, ಆದರೆ ರೋಗಿಗಳಿಂದ ಕಲಿತುದರಿಂದಲೇ ದೊಡ್ಡವರಾದರು. ಮರುಕದಿಂದ ನೀಡಿದ ಭಿಕ್ಷೆ ಒಂದು ಹೊತ್ತಿನ ಹಸಿವನ್ನು ನೀಗಬಹುದು. ದುಡಿಯುವ ಶಕ್ತಿಯನ್ನು ಪಡೆದ ಕೈ ಬಾಳೆಲ್ಲ ತಲೆಯೆತ್ತಿ ನಡೆಯುವಂತೆ ಮಾಡುತ್ತದೆ.